ಬೋರಲು ಬಕೆಟ್ಟಿನೊಳಗಿನ ಗಾಳಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಇಲ್ಲಿ ಒಂದೇ ಸಲ ಇಟ್ಟಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಮಾತಿನಲ್ಲೇ ಹೇಳಿದ್ದೇನೆ. ಪ್ರಶ್ನೋತ್ತರದಲ್ಲಿ ಮೂರು ಪ್ರಶ್ನೆ ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಬಕೆಟ್ಟು ಬೋರಲು ಹಾಕಿದ್ದೇನೆ. ಯಾರೋ ನೆಲ ಒರೆಸಿ ಮರೆತು ಹೋಗಿದ್ದಾರೆ ಅಂದುಕೊಂಡು ಒಬ್ಬರು ಅದನ್ನು ಎತ್ತಿ ಮೂಲೆಗೆ ಇಟ್ಟಿದ್ದರು. ನಾನೇ ಮತ್ತೆ ತಂದಿಟ್ಟೆ. ಅದು ನನ್ನ ಉಪಕರಣ.

ಸ್ವಲ್ಪ ಹತ್ತಿರದಿಂದ ನೋಡಿ. ಬಾಯಂಚಿನ ಸುತ್ತ ಫೋಮ್ ಪಟ್ಟಿ ಇದೆ, ನೀರಿನ ಮೇಲೆ ತೇಲಲಿ ಅಂತ. ಮೈತುಂಬ ಬೆಳ್ಳಿಬಣ್ಣದ ಟೇಪು, ಬಿಸಿಲಿಗೆ ಒಳಗಿನ ಗಾಳಿ ಕಾಯಬಾರದು ಅಂತ. ತಳದಲ್ಲಿ, ಅಂದರೆ ಈಗ ಅದರ ನೆತ್ತಿಯಲ್ಲಿ, ಒಂದು ತೂತು. ತೂತಿಗೆ ರಬ್ಬರ್ ಬಿರಡೆ. ಬಿರಡೆಯೊಳಗೆ ಒಂದು ಸಣ್ಣ ನಳಿಗೆ. ಅಷ್ಟೇ. ಸಂಶೋಧನಾ ಲೇಖನಗಳಲ್ಲಿ ಇದರ ಹೆಸರು ಫ್ಲೋಟಿಂಗ್ ಚೇಂಬರ್. ಲ್ಯಾಬಿನಲ್ಲಿ ನಾವೆಲ್ಲ ಬಕೆಟ್ಟು ಅಂತಲೇ ಕರೆಯೋದು.

ಇದನ್ನು ಕೆರೆಯ ಮೇಲೆ ಬೋರಲು ಬಿಡುತ್ತೇವೆ. ಒಳಗೆ ಒಂದಿಷ್ಟು ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಐದೈದು ನಿಮಿಷಕ್ಕೆ ನಳಿಗೆಯಿಂದ ಸಿರಿಂಜಿನಲ್ಲಿ ಸ್ವಲ್ಪ ಗಾಳಿ ಎಳೆದು, ಗಾಜಿನ ಸೀಸೆಗೆ ಚುಚ್ಚಿ ತುಂಬಿ, ಲ್ಯಾಬಿಗೆ ಒಯ್ಯುತ್ತೇವೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಈಗ 420 ಪಿಪಿಎಂಗಿಂತ ತುಸು ಜಾಸ್ತಿ ಇದೆ. ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು. ಬಕೆಟ್ಟಿನೊಳಗೂ ಶುರುವಾಗೋದು ಅಲ್ಲಿಂದಲೇ. ಇಪ್ಪತ್ತು ನಿಮಿಷದಲ್ಲಿ ಅದು ಏರಿದ್ದರೆ ನೀರು ಅನಿಲ ಬಿಡುತ್ತಿದೆ. ಇಳಿದಿದ್ದರೆ ನೀರು ಹೀರುತ್ತಿದೆ. ಏರಿಕೆ ಎಷ್ಟು ಕಡಿದಾಗಿದೆಯೋ ಅಷ್ಟು ಜೋರಾಗಿ ಅನಿಲ ಹೊರಬರುತ್ತಿದೆ ಅಂತ ಅರ್ಥ.

ಭೂಮಿಯ ಕೆರೆ, ಹೊಳೆ, ನದಿ, ಜಲಾಶಯ ಎಲ್ಲ ಸೇರಿ ವಾತಾವರಣಕ್ಕೆ ಎಷ್ಟು ಹಸಿರುಮನೆ ಅನಿಲ ಬಿಡುತ್ತವೆ ಅನ್ನೋ ದೊಡ್ಡ ದೊಡ್ಡ ಲೆಕ್ಕಗಳ ಬುಡದಲ್ಲಿ ಕೂತಿರೋದು ಬಹುಮಟ್ಟಿಗೆ ಇಂಥ ಬಕೆಟ್ಟುಗಳು, ಸಿರಿಂಜುಗಳು, ಆಲಿಕೆಗಳು. ಅವನ್ನು ಎಲ್ಲಿ ಇಟ್ಟೆವು, ಯಾವ ಹೊತ್ತಿನಲ್ಲಿ ಇಟ್ಟೆವು ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಈ ಸಂಜೆ ನಾನು ಹೇಳಬೇಕು ಅಂತ ಬಂದಿರೋದು ಇದನ್ನೇ.

ಮೊದಲು ಒಂದು ಸಾದಾ ಪ್ರಶ್ನೆ. ನೀರಿನಲ್ಲಿ ಗಾಳಿಗಿಂತ ಜಾಸ್ತಿ ಅನಿಲ ಇರೋದಾದರೂ ಹೇಗೆ?

ಸೋಡಾ ಬಾಟಲಿ ನೆನಪಿಸಿಕೊಳ್ಳಿ. ಮುಚ್ಚಳ ಹಾಕಿರುವಾಗ ಸುಮ್ನೆ ಇರುತ್ತದೆ. ತೆಗೆದ ತಕ್ಷಣ ಬುಸ್ ಅನ್ನುತ್ತದೆ. ನೀರಿನ ಮೇಲಿರುವ ಅನಿಲದ ಒತ್ತಡ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಅನಿಲ ನೀರಿನಲ್ಲಿ ಕರಗಿರುತ್ತದೆ ಅಂತ ವಿಲಿಯಂ ಹೆನ್ರಿ 1803ರಲ್ಲೇ ಹೇಳಿದ್ದ. ಈ ಲೆಕ್ಕದ ಪ್ರಕಾರ, 25 ಡಿಗ್ರಿಯ ಒಂದು ಲೀಟರ್ ನೀರು ಇವತ್ತಿನ ಗಾಳಿಯ ಜೊತೆ ಸಮಾಧಾನವಾಗಿ ಇರಬೇಕಾದರೆ, ಅದರಲ್ಲಿ ಸುಮಾರು 14 ಮೈಕ್ರೊಮೋಲ್ ಇಂಗಾಲದ ಡೈಆಕ್ಸೈಡು ಇರಬೇಕು. ಮೀಥೇನ್ ಆದರೆ ಎರಡು ಮೂರು ನ್ಯಾನೊಮೋಲ್ ಮಾತ್ರ. ಮೋಲ್ ಅಂದರೆ ಅಣುಗಳನ್ನು ಎಣಿಸುವ ಅಳತೆ, ಮೈಕ್ರೊಮೋಲಿನ ಸಾವಿರದ ಒಂದು ಪಾಲು ನ್ಯಾನೊಮೋಲ್. ಅದಕ್ಕಿಂತ ಜಾಸ್ತಿ ಇದ್ದರೆ ನೀರು ಮುಚ್ಚಳ ತೆಗೆದ ಸೋಡಾ ಇದ್ದ ಹಾಗೆ.

ಕಾಡಿನ ಮಣ್ಣಿನೊಳಗೆ ಬೇರುಗಳು ಉಸಿರಾಡುತ್ತವೆ. ಸೂಕ್ಷ್ಮಜೀವಿಗಳು ಬಿದ್ದ ಎಲೆಯನ್ನು ಕೊಳೆಸುತ್ತವೆ. ಮಣ್ಣಿನ ಸಂದುಗಳಲ್ಲಿರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹೊರಗಿನ ಗಾಳಿಯ ಹತ್ತಾರು ಪಟ್ಟು ಇರುತ್ತದೆ. ಮಳೆನೀರು ಇಂಗಿ ಆ ಮಣ್ಣಿನ ಮೂಲಕ ಹಾಯುವಾಗ ಅದನ್ನೆಲ್ಲ ಕರಗಿಸಿಕೊಂಡು ಹೋಗುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಒರತೆಯಾಗಿ ಬೆಳಕಿಗೆ ಬರುತ್ತದೆ. ಅಲ್ಲಿಗೆ ಮುಚ್ಚಳ ತೆಗೆದ ಹಾಗಾಯಿತು. ಕಲ್ಲು ಬಂಡೆ ಸಿಕ್ಕಿ ನೀರು ಕುಣಿಯತೊಡಗಿದರೆ ಕೇಳೋದೇ ಬೇಡ, ಸ್ವಲ್ಪ ದೂರದಲ್ಲೇ ಬಹುಪಾಲು ಹಾರಿಹೋಗುತ್ತದೆ. ಒರತೆಯ ಬಾಯಲ್ಲೊಂದು ಸೀಸೆ, ನೂರು ಹೆಜ್ಜೆ ಕೆಳಗೊಂದು ಸೀಸೆ ತುಂಬಿಕೊಂಡು ಬಂದರೆ ಎರಡೂ ಒಂದೇ ಹಳ್ಳದ ನೀರು ಅಂತ ನಂಬೋದು ಕಷ್ಟ.

ಹಾಗೆ ಮಣ್ಣಿನಿಂದ ಬಂದದ್ದು ಒಂದು ಪಾಲು. ನೀರಿಗೇ ಬಿದ್ದ ಎಲೆ, ಕಡ್ಡಿ, ಕೊಚ್ಚಿ ಬಂದ ಮಣ್ಣು ಇವೆಲ್ಲ ನೀರಿನಲ್ಲೇ ಕೊಳೆತು ಹುಟ್ಟಿಸಿದ್ದು ಇನ್ನೊಂದು ಪಾಲು.

ನಾನು ಓದುವ ಕಾಲದ ಪುಸ್ತಕಗಳಲ್ಲಿ ಇಂಗಾಲದ ಚಕ್ರದ ಚಿತ್ರ ಇರುತ್ತಿತ್ತು. ಒಂದು ಕಡೆ ಕಾಡು, ಒಂದು ಕಡೆ ಸಮುದ್ರ, ಮೇಲೆ ಮೋಡ. ನಡುವೆ ಒಂದು ತೆಳ್ಳನೆಯ ನೀಲಿ ಗೆರೆ. ಅದು ನದಿ. ನೆಲದ ಇಂಗಾಲವನ್ನು ಸಮುದ್ರಕ್ಕೆ ಮುಟ್ಟಿಸೋದಷ್ಟೇ ಅದರ ಕೆಲಸ. ಪೈಪು ಇದ್ದ ಹಾಗೆ.

ಪೈಪು ಸೋರುತ್ತಿದೆ ಅಂತ ಗೊತ್ತಾಗಿದ್ದು ನಿಧಾನವಾಗಿ. 1994ರಲ್ಲಿ ಜೊನಾಥನ್ ಕೋಲ್ ಮತ್ತು ಜೊತೆಗಾರರು ಲೋಕದ ಬೇರೆ ಬೇರೆ ಕಡೆಯ 1835 ಕೆರೆ ಸರೋವರಗಳ ಅಳತೆ ಒಟ್ಟು ಹಾಕಿದರು. ಅವುಗಳಲ್ಲಿ ಶೇಕಡ 87ರಷ್ಟು ಮಾದರಿಗಳಲ್ಲಿ ಇಂಗಾಲದ ಡೈಆಕ್ಸೈಡು ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಸರಾಸರಿ ನೋಡಿದರೆ ಗಾಳಿಯ ಮಟ್ಟದ ಸುಮಾರು ಮೂರು ಪಟ್ಟು. 2007ರಲ್ಲಿ ಅದೇ ಕೋಲ್ ಮತ್ತು ಸಂಗಡಿಗರು ಪೂರ್ತಿ ಜಮಾಖರ್ಚು ಹಾಕಿದರು. ನೆಲದಿಂದ ಒಳನಾಡಿನ ನೀರಿಗೆ ವರ್ಷಕ್ಕೆ ಬರೋದು ಸುಮಾರು 190 ಕೋಟಿ ಟನ್ ಇಂಗಾಲ. ಸಮುದ್ರ ತಲುಪೋದು 90 ಕೋಟಿ. ಹೂಳಿನಲ್ಲಿ ಹೂತುಹೋಗೋದು 20 ಕೋಟಿ. ಉಳಿದ 80 ಕೋಟಿ ದಾರಿಯಲ್ಲೇ ಗಾಳಿಗೆ. 2013ರಲ್ಲಿ ಪೀಟರ್ ರೇಮಂಡ್ ಮತ್ತು ಜೊತೆಗಾರರು ಹೊಸ ನಕ್ಷೆಗಳನ್ನು, ಜಾಸ್ತಿ ಅಳತೆಗಳನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಗಾಳಿಗೆ ಹೋಗೋದೇ 210 ಕೋಟಿ ಟನ್ ಅಂತ ಬಂತು. ಅದರಲ್ಲಿ 180 ಕೋಟಿ ಹರಿಯುವ ನೀರಿನದು.

ಆರು ವರ್ಷದಲ್ಲಿ ನದಿಗಳು ಬದಲಾಗಲಿಲ್ಲ. ನಾವು ನೋಡಿದ ನೀರು ಬದಲಾಯಿತು. ಎಲ್ಲ ಸಮುದ್ರಗಳೂ ಸೇರಿ ವರ್ಷಕ್ಕೆ ಗಾಳಿಯಿಂದ ಹೀರೋದು 250ರಿಂದ 300 ಕೋಟಿ ಟನ್ ಇಂಗಾಲ. ಅದರ ಪಕ್ಕ ಈ 210ನ್ನು ಇಟ್ಟು ನೋಡಿದರೆ ಆ ತೆಳ್ಳನೆಯ ನೀಲಿ ಗೆರೆ ಎಷ್ಟು ದಪ್ಪ ಅಂತ ತಿಳಿಯುತ್ತದೆ.

ಇಲ್ಲಿ ಒಂದು ತಡೆ ಹಾಕಬೇಕು. ಈ ಸಂಖ್ಯೆ ಹೇಳಿದ ಮರುದಿನ ‘ಕೆರೆಗಳೇ ಮಾಲಿನ್ಯಕ್ಕೆ ಕಾರಣ’ ಅಂತ ತಲೆಬರಹ ಬರುತ್ತದೆ. ಅದು ತಪ್ಪು. ಈ ಇಂಗಾಲದ ಬಹುಪಾಲು ಎಲೆಗಳು ಈಚೆಗಷ್ಟೇ ಗಾಳಿಯಿಂದ ಹೀರಿದ್ದು. ಅಮೆಜಾನ್ ನದಿ ಮತ್ತು ಅದರ ನೆರೆಬಯಲಿನಿಂದ ವರ್ಷಕ್ಕೆ ಸುಮಾರು 50 ಕೋಟಿ ಟನ್ ಇಂಗಾಲ ಗಾಳಿಗೆ ಹೋಗುತ್ತದೆ ಅಂತ 2002ರಲ್ಲಿ ಲೆಕ್ಕ ಬಂದಾಗ ಎಲ್ಲರಿಗೂ ಆಶ್ಚರ್ಯ. ನದಿ ಸಮುದ್ರಕ್ಕೆ ಒಯ್ಯುವ ಸಾವಯವ ಇಂಗಾಲದ ಹತ್ತು ಪಟ್ಟಿಗೂ ಮೇಲೆ ಅದು. ಆಮೇಲೆ 2005ರಲ್ಲಿ ರೇಡಿಯೊಕಾರ್ಬನ್ ಹಿಡಿದು ವಯಸ್ಸು ನೋಡಿದರೆ, ಹಾರಿಹೋಗುತ್ತಿದ್ದ ಇಂಗಾಲದ ಬಹುಪಾಲಿಗೆ ಐದು ವರ್ಷ ಕೂಡ ಆಗಿರಲಿಲ್ಲ. ನಿನ್ನೆ ಮೊನ್ನೆ ಮರ ಹೀರಿದ್ದನ್ನು ಇವತ್ತು ನದಿ ವಾಪಸ್ ಕೊಡುತ್ತಿದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲನ್ನು ಸುಡೋದೂ ಇದೂ ಒಂದೇ ಅಲ್ಲ. ಆದರೆ ಕಾಡು ಎಷ್ಟು ಹೀರಿತು ಅಂತ ಲೆಕ್ಕ ಹಾಕುವಾಗ ಈ ಸೋರಿಕೆ ಕಳೆಯದೇ ಹೋದರೆ, ಕಾಡು ಹಿಡಿದಿಟ್ಟದ್ದು ಇದ್ದದ್ದಕ್ಕಿಂತ ಜಾಸ್ತಿ ಅಂತ ಕಾಣುತ್ತದೆ. ತೊಂದರೆ ಇರೋದು ಅಲ್ಲಿ.

ಮೀಥೇನಿನ ಕಥೆ ಬೇರೆ.

1776ರ ನವೆಂಬರಿನಲ್ಲಿ ಇಟಲಿಯ ಮಜ್ಜೋರೆ ಸರೋವರದ ಅಂಚಿನ ಜವುಗಿನಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಕೋಲಿನಿಂದ ಕೆಸರು ಕೆದಕಿದ. ಮೇಲೆದ್ದ ಗುಳ್ಳೆಗಳನ್ನು ನೀರು ತುಂಬಿ ಬೋರಲು ಹಿಡಿದ ಸೀಸೆಯಲ್ಲಿ ಹಿಡಿದ. ಕಿಡಿ ತಾಗಿಸಿದರೆ ಹೊತ್ತಿಕೊಂಡಿತು. ಬ್ಯಾಟರಿಯ ವೋಲ್ಟಾನೇ, ಬೇರೆಯವನಲ್ಲ. 250 ವರ್ಷ ಆಯಿತು, ಗುಳ್ಳೆ ಹಿಡಿಯೋಕೆ ನಾವು ಇವತ್ತೂ ಬೋರಲು ಆಲಿಕೆ, ಅದರ ಮೇಲೊಂದು ಬಾಟಲಿ ಇಡುತ್ತೇವೆ. ದಾರ ಮಾತ್ರ ನೈಲಾನ್ ಆಗಿದೆ.

ಕೆರೆಯ ತಳದ ಕೆಸರಿನಲ್ಲಿ ಕೆಲವೇ ಮಿಲಿಮೀಟರ್ ಕೆಳಗೆ ಹೋದರೆ ಆಮ್ಲಜನಕ ಮುಗಿದಿರುತ್ತದೆ. ಅಲ್ಲಿ ಕೊಳೆಯೋದು ನಿಲ್ಲೋದಿಲ್ಲ. ಬೇರೆ ಜೀವಿಗಳು ಕೆಲಸಕ್ಕೆ ಇಳಿಯುತ್ತವೆ. ಕೊನೆಗೆ ಉಳಿದ ಚೂರುಪಾರನ್ನು ಮೀಥೇನ್ ಮಾಡಿ ಮುಗಿಸೋದು ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳು. ಬ್ಯಾಕ್ಟೀರಿಯಾ ಅಂದರೆ ನನ್ನ ಜೀವಶಾಸ್ತ್ರದ ಗೆಳೆಯರು ಮುನಿಸಿಕೊಳ್ಳುತ್ತಾರೆ, ಅದಕ್ಕೆ ಸರಿಯಾಗಿ ಹೇಳುತ್ತಿದ್ದೇನೆ.

ಎಲೆ ಗಾಳಿಯಿಂದ ತೆಗೆದುಕೊಂಡಿದ್ದು ಇಂಗಾಲದ ಡೈಆಕ್ಸೈಡು. ಕೆಸರು ವಾಪಸ್ ಕೊಡೋದು ಮೀಥೇನ್. ಎರಡೂ ಸರಿಸಮ ಅಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ 27 ಪಟ್ಟಿಗಿಂತ ಜಾಸ್ತಿ ಬಿಸಿ ಹಿಡಿಯುತ್ತದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು. ಇಂಗಾಲದ ತಕ್ಕಡಿ ಸರಿಹೋದರೂ ಬಿಸಿಯ ತಕ್ಕಡಿ ಸರಿಹೋಗೋದಿಲ್ಲ. 2011ರಲ್ಲಿ ಡೇವಿಡ್ ಬಾಸ್ಟ್‌ವಿಕೆನ್ ಮತ್ತು ಜೊತೆಗಾರರು ಸಿಹಿನೀರಿನಿಂದ ವರ್ಷಕ್ಕೆ 10.3 ಕೋಟಿ ಟನ್ ಮೀಥೇನ್ ಬರುತ್ತದೆ ಅಂದರು. ನೆಲದ ಕಾಡು ಹುಲ್ಲುಗಾವಲೆಲ್ಲ ಸೇರಿ ಹೀರುವ ಇಂಗಾಲದಿಂದ ಆಗುವ ಲಾಭದ ಕಾಲು ಭಾಗವನ್ನು ಇದೊಂದೇ ತಿಂದುಹಾಕುತ್ತದೆ ಅನ್ನೋದು ಅವರ ಲೆಕ್ಕ.

ಮೀಥೇನ್ ಮೇಲೆ ಬರೋಕೆ ಮೂರು ದಾರಿ. ಕರಗಿಕೊಂಡು ನಿಧಾನಕ್ಕೆ ಬರಬಹುದು. ಜೊಂಡು, ತಾವರೆಯಂಥ ಗಿಡಗಳ ಟೊಳ್ಳು ದಂಟಿನೊಳಗೆ ಹಾದು ಬರಬಹುದು. ಇಲ್ಲವೇ ಗುಳ್ಳೆಯಾಗಿ ಬರಬಹುದು. ಕರಗಿ ಬರುವ ಮೀಥೇನಿಗೆ ದಾರಿಯಲ್ಲಿ ಕಾವಲು ಇದೆ. ಆಮ್ಲಜನಕ ಇರುವ ಪದರದಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ. ಮೇಲಿನ ನೀರು ಕೆಳಗಿನದರ ಜೊತೆ ಬೆರೆಯದೆ ಪದರ ಕಟ್ಟಿರುವ ಆಳದ ಸರೋವರಗಳಲ್ಲಿ ಕೆಳಗಿನಿಂದ ಬಂದ ಮೀಥೇನಿನ ಬಹುಪಾಲನ್ನು ಇವು ಮುಗಿಸುತ್ತವೆ. ಗುಳ್ಳೆ ಇವುಗಳ ಕೈಗೆ ಸಿಗೋದಿಲ್ಲ. ಮೂರು ಮೀಟರ್ ಆಳದಿಂದ ಮೇಲೆ ಬರಲು ಒಂದು ಗುಳ್ಳೆಗೆ ಹದಿನೈದು ಸೆಕೆಂಡು ಸಾಕು. ನೀವು ಒಂದು ಸಲ ಆಕಳಿಸಿ, ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅದು ಹೊರಗೆ.

ಇಲ್ಲಿ ನನ್ನ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಶುರುವಿನ ವರ್ಷಗಳಲ್ಲಿ ಬಕೆಟ್ಟಿನ ಅಳತೆ ಅಂದರೆ ನೇರ ಗೆರೆ ಬರಬೇಕು ಅಂತ ನನಗೆ ಹೇಳಿಕೊಟ್ಟಿದ್ದರು. ಸೊನ್ನೆ ನಿಮಿಷ, ಐದು, ಹತ್ತು, ಹದಿನೈದು, ಇಪ್ಪತ್ತು. ಐದೂ ಚುಕ್ಕೆ ಒಂದೇ ಗೆರೆಯ ಮೇಲೆ ಕೂತರೆ ಆ ಅಳತೆ ಒಳ್ಳೆಯದು. ಕೆಲವು ಸಲ ಮೀಥೇನಿನ ಚುಕ್ಕೆ ಹತ್ತನೇ ನಿಮಿಷಕ್ಕೆ ಎರಡು ಪಿಪಿಎಂ ಇದ್ದದ್ದು ಹದಿನೈದನೇ ನಿಮಿಷಕ್ಕೆ ನಲವತ್ತಕ್ಕೆ ಹಾರುತ್ತಿತ್ತು. ದೋಣಿ ಅಲುಗಾಡಿರಬೇಕು ಅಂದುಕೊಳ್ಳುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದು ಪಕ್ಕದಲ್ಲಿ ‘ಅಲುಗಾಡಿದೆ’ ಅಂತ ಬರೆಯುತ್ತಿದ್ದೆ. ಎರಡು ಬೇಸಿಗೆ ಹಾಗೇ ಮಾಡಿದೆ. ಮೂರನೇ ವರ್ಷ ಒಬ್ಬ ವಿದ್ಯಾರ್ಥಿ ಹಳೆಯ ಪುಟ ತಿರುವಿ ಕೇಳಿದ: ‘ನಡುನೀರಿನಲ್ಲಿ ಇಟ್ಟಾಗ ಒಂದು ಸಲವೂ ಅಲುಗಾಡಿಲ್ಲ, ದಡದ ಹತ್ತಿರ ಇಟ್ಟಾಗ ಮಾತ್ರ ಅಲುಗಾಡುತ್ತಲ್ಲ, ಯಾಕೆ?’

ಬಕೆಟ್ಟಿನೊಳಕ್ಕೆ ಗುಳ್ಳೆ ಬಂದಿತ್ತು. ದಡದ ಹತ್ತಿರ ನೀರು ಕಡಿಮೆ, ಕೆಸರು ಬೆಚ್ಚಗೆ, ಎಲೆ ಜಾಸ್ತಿ. ಗೀಟು ಎಳೆದ ಸಾಲುಗಳನ್ನೆಲ್ಲ ವಾಪಸ್ ಸೇರಿಸಿದಾಗ ಆ ಕೆರೆಯ ಮೀಥೇನ್ ಲೆಕ್ಕ ಹಲವು ಪಟ್ಟು ಏರಿತು. ಆದರೆ ಎಲ್ಲವನ್ನೂ ಸೇರಿಸುವ ಹಾಗೂ ಇರಲಿಲ್ಲ. ದಡದ ಕೆಸರಿನಲ್ಲಿ ನಾನೇ ಕಾಲಿಟ್ಟು ಗುಳ್ಳೆ ಎಬ್ಬಿಸಿದ್ದೂ ಉಂಟು. ಯಾವುದು ಕೆರೆಯ ಗುಳ್ಳೆ, ಯಾವುದು ನನ್ನ ಬೂಟಿನ ಗುಳ್ಳೆ ಅಂತ ಮೂರು ವರ್ಷ ಆದಮೇಲೆ ಹೇಳೋದು ಹೇಗೆ? ಆ ಪುಟಗಳು ಇನ್ನೂ ನನ್ನ ಹತ್ತಿರ ಇವೆ. ಯಾವ ಲೇಖನದಲ್ಲೂ ಬಂದಿಲ್ಲ.

ಗುಳ್ಳೆಗೆ ಹೊತ್ತುಗೊತ್ತು ಇಲ್ಲ ಅಂತಲ್ಲ. ಗಾಳಿಯ ಒತ್ತಡ ಇಳಿದರೆ, ಅಂದರೆ ಬಿರುಗಾಳಿ ಮಳೆ ಬರುವ ಮುಂಚೆ, ಕೆಸರಿನಲ್ಲಿ ಸಿಕ್ಕಿಕೊಂಡ ಗುಳ್ಳೆ ಹಿಗ್ಗಿ ಬಿಡಿಸಿಕೊಂಡು ಮೇಲೇಳುತ್ತದೆ. ಜಲಾಶಯದ ನೀರಿನ ಮಟ್ಟ ಇಳಿಸಿದರೂ ಹಾಗೇ. ಆದರೆ ಬಿರುಗಾಳಿ ಬರುವ ಹೊತ್ತಿಗೆ ನಾವೆಲ್ಲ ದೋಣಿ ಕಟ್ಟಿ ಮನೆಗೆ ಹೋಗಿರುತ್ತೇವೆ, ಅಲ್ವಾ? ಗುಳ್ಳೆಯನ್ನು ಕಣ್ಣಾರೆ ನೋಡಬೇಕು ಅಂದರೆ ಕೆನಡಾದ ಅಬ್ರಹಾಂ ಲೇಕ್ ಅನ್ನೋ ಜಲಾಶಯದ ಚಳಿಗಾಲದ ಫೋಟೊ ನೋಡಿ. ಪರದೆಯ ಮೇಲೆ ಅದನ್ನೇ ತೋರಿಸಿದ್ದೆ. ಏಳುತ್ತಿದ್ದ ಗುಳ್ಳೆಗಳು ಮಂಜುಗಡ್ಡೆಯಲ್ಲಿ ಒಂದರ ಮೇಲೊಂದು ಬಿಳಿ ಬಿಲ್ಲೆಗಳ ಹಾಗೆ ಹೆಪ್ಪುಗಟ್ಟಿವೆ.

ರಾತ್ರಿಯ ವಿಷಯಕ್ಕೆ ಬರೋಣ. ಹಗಲು ಪಾಚಿ, ಜಲಸಸ್ಯಗಳು ಬೆಳಕು ಹಿಡಿದು ನೀರಿನ ಇಂಗಾಲದ ಡೈಆಕ್ಸೈಡು ಹೀರುತ್ತವೆ. ರಾತ್ರಿ ಹೀರೋದು ನಿಲ್ಲುತ್ತದೆ, ಉಸಿರಾಟ ನಿಲ್ಲೋದಿಲ್ಲ. ಹಾಗಾಗಿ ರಾತ್ರಿ ನೀರಿನಲ್ಲಿ ಅನಿಲ ಏರುತ್ತದೆ. ಇದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ನದಿ ಹಳ್ಳಗಳ ಹಳೆಯ ಅಳತೆಗಳಲ್ಲಿ ಬಹುಪಾಲು ಹಗಲಿನವು. ಕಾರಣದಲ್ಲಿ ವಿಜ್ಞಾನ ಏನೂ ಇಲ್ಲ. ಹಗಲು ಕೆಲಸ ಮಾಡೋದು ಸುಲಭ. 2021ರಲ್ಲಿ ಹಲವು ದೇಶಗಳ ಹೊಳೆಗಳಲ್ಲಿ ಹಗಲೂ ರಾತ್ರಿ ತಾನೇ ಅಳೆಯುವ ಸೆನ್ಸರುಗಳ ದಾಖಲೆ ಕೂಡಿಸಿ ನೋಡಿದಾಗ, ರಾತ್ರಿ ಹೊರಬರುವ ಇಂಗಾಲದ ಡೈಆಕ್ಸೈಡು ಹಗಲಿನ ಅಳತೆಯಿಂದ ಅಂದಾಜು ಮಾಡಿದ್ದಕ್ಕಿಂತ ಸರಾಸರಿ ಶೇಕಡ 27ರಷ್ಟು ಜಾಸ್ತಿ ಇತ್ತು. ಕಚೇರಿ ಸಮಯದಲ್ಲಿ ಮಾತ್ರ ಭೂಮಿಯನ್ನು ಅಳೆದರೆ ಹೀಗಾಗುತ್ತದೆ.

ಸಣ್ಣ ಕುಂಟೆಗಳ ಗತಿಯೂ ಹೀಗೇ ಆಗಿತ್ತು. ದೊಡ್ಡ ಸರೋವರಗಳಿಗೆ ಹೆಸರಿದೆ, ದೋಣಿ ಇದೆ, ದಡದಲ್ಲಿ ಸಂಶೋಧನಾ ಕೇಂದ್ರ ಇದೆ. 2014ರಲ್ಲಿ ಉಪಗ್ರಹದ ಚಿತ್ರಗಳಿಂದ ಎಣಿಸಿದಾಗ ಕಾಲು ಹೆಕ್ಟೇರಿಗೆ ಹತ್ತಿರ ಹತ್ತಿರ ಇರುವ ಸಣ್ಣವನ್ನೂ ಸೇರಿಸಿ 11.7 ಕೋಟಿ ಕೆರೆ ಸರೋವರ ಸಿಕ್ಕವು. ಅದಕ್ಕಿಂತ ಚಿಕ್ಕವು ಆ ಎಣಿಕೆಗೆ ಬರಲೇ ಇಲ್ಲ. 2016ರಲ್ಲಿ ಮೆರಿಡಿತ್ ಹೋಲ್ಗರ್ಸನ್ ಮತ್ತು ರೇಮಂಡ್ ಇಂಥ ಪುಟ್ಟ ಕುಂಟೆಗಳ ಅಳತೆ ಒಟ್ಟುಮಾಡಿದರು. ಸಾವಿರ ಚದರ ಮೀಟರಿಗಿಂತ ಚಿಕ್ಕವು. ಕೆರೆ ಕುಂಟೆಗಳ ಒಟ್ಟು ವಿಸ್ತೀರ್ಣದಲ್ಲಿ ಇವುಗಳ ಪಾಲು ಶೇಕಡ 8.6. ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 15. ಕರಗಿ ಬರುವ ಮೀಥೇನಿನಲ್ಲಿ ಶೇಕಡ 40.6!

ಯಾಕೆ ಅಂತ ದಡದಲ್ಲಿ ನಿಂತರೆ ಕಾಣುತ್ತದೆ. ಕುಂಟೆಯ ಸುತ್ತ ಮರ. ಬಿದ್ದ ಎಲೆಯೆಲ್ಲ ಒಳಗೆ. ನೀರು ಮೊಣಕಾಲುದ್ದ. ತಳದಲ್ಲಿ ಹುಟ್ಟಿದ ಮೀಥೇನಿಗೆ ಕಾವಲುಗಾರರನ್ನು ದಾಟಲು ಇರೋದೇ ಅಷ್ಟು ದೂರ. ಜೊತೆಗೆ ನೀರು ಬೇಗ ಕಾಯುತ್ತದೆ. ಮೀಥೇನ್ ಮಾಡುವ ಜೀವಿಗಳಿಗೆ ಬಿಸಿ ಅಂದರೆ ಬಲು ಇಷ್ಟ. ಸೊನ್ನೆಯಿಂದ ಮೂವತ್ತು ಡಿಗ್ರಿಗೆ ಏರಿದರೆ ಮೀಥೇನ್ ಹೊರಸೂಸುವಿಕೆ 50 ಪಟ್ಟಿಗಿಂತಲೂ ಜಾಸ್ತಿ ಆಗಬಹುದು ಅಂತ 2014ರ ಒಂದು ಅಧ್ಯಯನ ತೋರಿಸಿತು. ಭೂಮಿ ಬಿಸಿಯಾದ ಹಾಗೆ ಕೆಸರು ಇನ್ನಷ್ಟು ಮೀಥೇನ್ ಬಿಡುತ್ತದೆ, ಅದರಿಂದ ಇನ್ನಷ್ಟು ಬಿಸಿ. ಈ ಸುಳಿ ಎಷ್ಟು ಜೋರು ಅನ್ನೋದರ ಮೇಲೆ ನಮ್ಮಲ್ಲಿ ಜಗಳ ನಡೀತಾನೇ ಇದೆ.

ಜಲಾಶಯಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದೇ ಒಂದು ಪೂರ್ತಿ ಉಪನ್ಯಾಸ ಆಗುತ್ತದೆ. ಕಾಡು ಮುಳುಗಿಸಿ ನೀರು ನಿಲ್ಲಿಸಿದರೆ ತಳದಲ್ಲಿ ಕೊಳೆಯೋಕೆ ಬೇಕಾದಷ್ಟು ಸಿಗುತ್ತದೆ. ಬ್ರೆಜಿಲಿನ ಬಾಲ್ಬಿನಾ ಜಲಾಶಯ ಸುಮಾರು 2360 ಚದರ ಕಿಲೋಮೀಟರ್ ನೆಲ ಮುಳುಗಿಸಿತು. ಅದರ ವಿದ್ಯುತ್ ಸಾಮರ್ಥ್ಯ 250 ಮೆಗಾವಾಟ್. ಟರ್ಬೈನಿಗೆ ನೀರು ಬರೋದು ಆಳದಿಂದ. ಆಳದ ನೀರು ಮೀಥೇನ್ ತುಂಬಿಕೊಂಡಿರುತ್ತದೆ. ಅದು ಟರ್ಬೈನ್ ದಾಟಿ ಹೊರಗೆ ಚಿಮ್ಮಿದಾಗ ಮತ್ತೆ ಅದೇ ಸೋಡಾ ಬಾಟಲಿ. ಜಲಾಶಯದ ಮೇಲ್ಮೈ ಮೇಲೆ ಮಾತ್ರ ಬಕೆಟ್ಟು ಇಟ್ಟವರಿಗೆ ಇದು ಕಾಣಲೇ ಇಲ್ಲ. ಅಣೆಕಟ್ಟಿನ ಕೆಳಗೆ ಹೋಗಿ ಅಳೆದವರಿಗೆ ಕಂಡಿತು. 2016ರ ಒಂದು ಅಂದಾಜಿನಲ್ಲಿ ಲೋಕದ ಜಲಾಶಯಗಳಿಂದ ವರ್ಷಕ್ಕೆ ಸುಮಾರು 80 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಮೀಥೇನಿನದೇ. ದೇಶಗಳು ತಮ್ಮ ಹೊರಸೂಸುವಿಕೆಯ ಪಟ್ಟಿಯಲ್ಲಿ ಇದನ್ನು ಹೇಗೆ ಸೇರಿಸಬೇಕು ಅನ್ನೋ ವಿಧಾನವನ್ನು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2019ರಲ್ಲಿ ಪರಿಷ್ಕರಿಸಿ ವಿವರವಾಗಿ ಕೊಟ್ಟಿತು. ಹಾಗಂತ ಜಲವಿದ್ಯುತ್ತೇ ಬೇಡ ಅನ್ನೋದು ನನ್ನ ವಾದ ಅಲ್ಲ. ಕಡಿದಾದ ಕಣಿವೆಯ ಆಳದ ತಣ್ಣನೆಯ ಜಲಾಶಯವೂ ಬಾಲ್ಬಿನಾದಂಥ ಚಪ್ಪಟೆ, ಬೆಚ್ಚಗಿನ ಜಲಾಶಯವೂ ಒಂದೇ ಅಲ್ಲ. ಎರಡಕ್ಕೂ ಒಂದೇ ಹಣೆಪಟ್ಟಿ ಹಚ್ಚಬಾರದು ಅಂತಷ್ಟೇ.

ಒಂದು ಮೋಸದ ಕೆರೆಯ ಬಗ್ಗೆ ಹೇಳಲೇಬೇಕು. ಗೊಬ್ಬರ ಮತ್ತು ಚರಂಡಿ ನೀರು ಸೇರಿ ಹಸಿರು ಬಣ್ಣಕ್ಕೆ ತಿರುಗಿದ ಕೆರೆ. ಮಧ್ಯಾಹ್ನ ಅಲ್ಲಿ ಬಕೆಟ್ಟು ಇಟ್ಟರೆ ಒಳಗಿನ ಇಂಗಾಲದ ಡೈಆಕ್ಸೈಡು ಇಳಿಯುತ್ತದೆ! ಪಾಚಿ ಅಷ್ಟು ಜೋರಾಗಿ ಹೀರುತ್ತಿರುತ್ತದೆ. ಆ ಒಂದು ಅನಿಲ ಮಾತ್ರ ನೋಡಿದವರು, ಈ ಕೆರೆ ಗಾಳಿ ಶುದ್ಧ ಮಾಡುತ್ತಿದೆ ಅಂತ ಬರೆದುಕೊಂಡು ಹೋಗಬಹುದು. ಅದೇ ಪಾಚಿ ಸತ್ತು ತಳ ಸೇರಿ ಮೀಥೇನ್ ಆಗುತ್ತದೆ. ಅದೇ ಗೊಬ್ಬರದ ನೈಟ್ರೇಟಿನ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಕೆರೆಗಳು ಹೀಗೆ ಹಸಿರಾಗುತ್ತಾ ಹೋದರೆ ಈ ಶತಮಾನದಲ್ಲಿ ಅವುಗಳ ಮೀಥೇನ್ ಶೇಕಡ 30ರಿಂದ 90ರಷ್ಟು ಏರಬಹುದು ಅಂತ 2019ರಲ್ಲಿ ಒಂದು ಅಂದಾಜು ಬಂತು.

ಇಷ್ಟೆಲ್ಲ ಹೇಳಿ, ಒಟ್ಟು ಲೆಕ್ಕ ಸರಿಯಾಗಿದೆಯಾ ಅಂತ ಕೇಳಿದರೆ ಇಲ್ಲ. ಲೋಕದ ಮೀಥೇನನ್ನು ಎರಡು ಕಡೆಯಿಂದ ಲೆಕ್ಕ ಹಾಕಬಹುದು. ವಾತಾವರಣದಲ್ಲಿ ಎಷ್ಟಿದೆ ಅಂತ ಮೇಲಿನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, 2008ರಿಂದ 2017ರ ದಶಕಕ್ಕೆ ವರ್ಷಕ್ಕೆ 57.6 ಕೋಟಿ ಟನ್ ಬರುತ್ತದೆ. ಗದ್ದೆ, ಗಣಿ, ದನ, ಜವುಗು, ಕೆರೆ ಅಂತ ಕೆಳಗಿನಿಂದ ಕೂಡಿಸುತ್ತಾ ಹೋದರೆ 73.7 ಕೋಟಿ. ನಡುವಿನ 16 ಕೋಟಿ ಟನ್ ಗಾಳಿಯಲ್ಲಿ ಇಲ್ಲವೇ ಇಲ್ಲ. ಅದು ನಮ್ಮ ಕಾಗದದಲ್ಲಿ ಮಾತ್ರ ಇದೆ. ಅದರಲ್ಲಿ ನಮ್ಮ ನೀರಿನವರ ಪಾಲು ಸಾಕಷ್ಟಿದೆ ಅಂತ ಎಲ್ಲರೂ ಒಪ್ಪುತ್ತಾರೆ. ಕೆರೆಯಂಚಿನ ಜೊಂಡನ್ನು ಜವುಗು ಅಳೆಯುವವರು ಒಂದು ಸಲ ಎಣಿಸುತ್ತಾರೆ, ಕೆರೆ ಅಳೆಯುವವರು ಇನ್ನೊಂದು ಸಲ. ಒಂದೇ ಗುಳ್ಳೆಗೆ ಎರಡು ರಶೀದಿ.

ರಸಾಯನಶಾಸ್ತ್ರದವರ ತಪ್ಪೂ ಉಂಟು. ಇಂಗಾಲದ ಡೈಆಕ್ಸೈಡನ್ನು ನೇರ ಅಳೆಯದೆ, ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನೋದರ ಅಳತೆ) ಮತ್ತು ಕ್ಷಾರೀಯತೆಯಿಂದ (ಆಮ್ಲವನ್ನು ತಣಿಸುವ ಶಕ್ತಿ) ಲೆಕ್ಕ ಹಾಕಿ ತೆಗೆಯುವ ರೂಢಿ ಬಹಳ ವರ್ಷ ನಡೆಯಿತು. ಸುಣ್ಣದ ಅಂಶ ಚೆನ್ನಾಗಿರುವ ನೀರಿಗೆ ಅದು ಸರಿ. ಕಾಡಿನ ಕಪ್ಪು ಚಹಾದಂಥ ಆಮ್ಲೀಯ ನೀರಿಗೆ ಅಲ್ಲ. ಅಲ್ಲಿ ಪಿಎಚ್ ಅಳತೆಯಲ್ಲಿ ಚೂರು ತಪ್ಪಾದರೂ ಉತ್ತರ ಹಿಗ್ಗುತ್ತದೆ, ಎಲೆಯಿಂದ ಬಂದ ಸಾವಯವ ಆಮ್ಲಗಳು ಕ್ಷಾರೀಯತೆಯ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. 2015ರಲ್ಲಿ ಗ್ವೆನಾಯೆಲ್ ಅಬ್ರಿಲ್ ಮತ್ತು ಜೊತೆಗಾರರು ಎರಡೂ ವಿಧಾನ ಪಕ್ಕಪಕ್ಕ ಇಟ್ಟು ನೋಡಿದಾಗ, ಇಂಥ ನೀರಿನ ಕೆಲವು ಮಾದರಿಗಳಲ್ಲಿ ಲೆಕ್ಕದ ಉತ್ತರ ನಿಜದ ಎರಡು ಪಟ್ಟಿಗೂ ಮೇಲೆ ಇತ್ತು. ಅಂದರೆ ಗುಳ್ಳೆ ಮತ್ತು ರಾತ್ರಿ ಬಿಟ್ಟದ್ದರಿಂದ ಲೆಕ್ಕ ಕಡಿಮೆ ಬಂದಿತ್ತು, ಇದರಿಂದ ಜಾಸ್ತಿ ಬಂದಿತ್ತು. ಎರಡೂ ತಪ್ಪು ಒಂದಕ್ಕೊಂದು ವಜಾ ಆಗಿಬಿಡಲಿ ಅಂತ ಆಸೆಪಡೋದು ವಿಜ್ಞಾನ ಅಲ್ಲ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ಹಾಗಾದರೆ ಕೆರೆ ಕುಂಟೆ ಒಣಗಿಸಿಬಿಟ್ಟರೆ ಮೀಥೇನ್ ನಿಲ್ಲುತ್ತಲ್ಲ?

ಮೀಥೇನ್ ಇಳಿಯುತ್ತದೆ. ಆದರೆ ತಳದ ಹೂಳಿಗೆ ಗಾಳಿ ತಾಗಿದ ತಕ್ಷಣ ವರ್ಷಗಟ್ಟಲೆ ಕೊಳೆಯದೆ ಕೂತಿದ್ದದ್ದು ಕೊಳೆಯತೊಡಗುತ್ತದೆ. ಒಣಗುತ್ತಿರುವ ಕೆರೆಯಂಗಳದ ಮೇಲೆ ಇದೇ ಬಕೆಟ್ಟು ಇಟ್ಟು ನೋಡಿದ್ದೇವೆ. ಎಷ್ಟೋ ಸಲ ನೀರು ಇದ್ದಾಗಿನದಕ್ಕಿಂತ ಜಾಸ್ತಿ ಇಂಗಾಲದ ಡೈಆಕ್ಸೈಡು ಬರುತ್ತದೆ. ವರ್ಷಕ್ಕೆ 20 ಕೋಟಿ ಟನ್ ಹೂಳಿನಲ್ಲಿ ಹೂತುಹೋಗುತ್ತದೆ ಅಂದೆನಲ್ಲ, ಆ ಗಂಟನ್ನು ಬಿಚ್ಚಿದ ಹಾಗೆ. ಮೀನು, ಹಕ್ಕಿ, ಅಂತರ್ಜಲದ ಮಾತು ನಾನು ಎತ್ತೋದೇ ಬೇಡ. ಕೈಯಲ್ಲಿ ಆಗುವ ಕೆಲಸ ಬೇರೆ ಇದೆ. ಚರಂಡಿ ನೀರು ಶುದ್ಧ ಮಾಡಿ ಬಿಡೋದು, ಹೊಲದಿಂದ ಗೊಬ್ಬರ ತೊಳೆದು ಹೋಗದ ಹಾಗೆ ನೋಡಿಕೊಳ್ಳೋದು.

ಇನ್ನೊಬ್ಬರು: ಆ ಮೀಥೇನ್ ಹಿಡಿದು ಉರಿಸಬಹುದಲ್ಲ?

ಒಂದು ಕಡೆ ಹಿಡಿಯುತ್ತಿದ್ದಾರೆ. ರುವಾಂಡಾ ಮತ್ತು ಕಾಂಗೊ ಗಡಿಯ ಕಿವು ಸರೋವರದ ಆಳದಲ್ಲಿ ಸುಮಾರು 60 ಘನ ಕಿಲೋಮೀಟರ್ ಮೀಥೇನ್ ಕರಗಿಕೊಂಡಿದೆ. ಅದನ್ನು ಪೈಪಿನಲ್ಲಿ ಮೇಲೆ ತಂದು 26 ಮೆಗಾವಾಟಿನ ವಿದ್ಯುತ್ ಘಟಕ ನಡೆಸುತ್ತಾರೆ. ಕಿವುವಿನ ಆಳ ಮತ್ತು ಅದರ ಪದರಗಳಿಂದ ಅದು ಸಾಧ್ಯ. ಮಾಮೂಲಿ ಕೆರೆಯಲ್ಲಿ ಚದುರಿಹೋಗಿರುವ ಗುಳ್ಳೆ ಹಿಡಿಯಲು ಹೋದರೆ ಸಿಗುವ ಉರಿಗಿಂತ ದೋಣಿಗೆ ಸುಡುವ ಡೀಸೆಲ್ಲೇ ಜಾಸ್ತಿ. ಕಿವು ಅಂದಾಗ ಕೆಲವರಿಗೆ ನ್ಯೋಸ್ ನೆನಪಾಗಬಹುದು. ಕ್ಯಾಮರೂನಿನ ಆ ಸರೋವರ 1986ರ ಆಗಸ್ಟ್ 21ರ ರಾತ್ರಿ ಒಮ್ಮೆಲೇ ಅನಿಲ ಉಗುಳಿ ಸುಮಾರು 1700 ಜನ ಉಸಿರುಕಟ್ಟಿ ಸತ್ತರು. ಅದು ಜ್ವಾಲಾಮುಖಿಯ ಬುಡದಿಂದ ಬಂದ ಇಂಗಾಲದ ಡೈಆಕ್ಸೈಡು. ನಿಮ್ಮ ಊರಿನ ಕೆರೆ ಹಾಗೆ ಮಾಡೋದಿಲ್ಲ, ಹೆದರಬೇಡಿ.

ಕೊನೆಗೆ ಮುಂದಿನ ಸಾಲಿನ ಒಬ್ಬ ಹುಡುಗಿ: ಒಂದು ಕೆರೆಗೆ ಎಷ್ಟು ಬಕೆಟ್ಟು ಬೇಕು?

ನಾನು ಈಗ ನೋಡುತ್ತಿರುವ ಕೆರೆಯಲ್ಲಿ ಹನ್ನೆರಡು ಇವೆ. ನಾಲ್ಕು ನಡುನೀರಿನಲ್ಲಿ, ಎಂಟು ದಡದ ಕಡೆ. ದಡದವಕ್ಕೆ ನಡೆದು ಹೋಗೋದಿಲ್ಲ. ಉದ್ದನೆಯ ಹಲಗೆ ಹಾಕಿ ಅದರ ಮೇಲೆ ಮಲಗಿ ಕೈ ಚಾಚಿ ಸಿರಿಂಜು ಎಳೆಯುತ್ತೇವೆ. ಬೆಳಿಗ್ಗೆ ಎಂಟಕ್ಕೊಂದು ಸುತ್ತು, ರಾತ್ರಿ ಎರಡಕ್ಕೊಂದು ಸುತ್ತು. ರಾತ್ರಿ ಎರಡರ ಸುತ್ತಿಗೆ ಯಾರೂ ಒಪ್ಪೋದಿಲ್ಲ, ಹಾಗಾಗಿ ಬಹುತೇಕ ಅದು ನನ್ನದೇ.